ಮೈಗಳ್ಳನ ಚೆಂಡು

ನಿಘಂಟುಕಾರರಿಗೆ ಒಂದು ಪದ್ಧತಿಯುಂಟು. ಒಂದು ಮಾತಿಗೆ ಎರಡು ಮೂರು ಅರ್ಥಗಳಿದ್ದರೆ ಅವಕ್ಕೆ ಸಂಖ್ಯೆ ಹಾಕಿ ಸಾಲಾಗಿ ನಿಲ್ಲಿಸುತ್ತಾರೆ. ವಠಾರದ ಮನೆಗಳ ಹಾಗೆ: ಒಂದೇ ಗೋಡೆ, ಅತ್ತ ಒಂದು ಸಂಸಾರ, ಇತ್ತ ಒಂದು ಸಂಸಾರ. ಈ ಎರಡು ಮನೆಯವರಿಗೆ ಏನು ನಂಟು, ಯಾರು ಯಾರನ್ನು ನೋಡಿ ನಗುತ್ತಾರೆ ಎಂಬುದನ್ನು ನಿಘಂಟು ಹೇಳುವುದಿಲ್ಲ. ಹೇಳಬೇಕೆಂದು ನಾವು ಕೇಳುವುದೂ ಸರಿಯಲ್ಲ. ವಿಮರ್ಶೆಗೆ ಕೆಲಸ ಉಳಿದಿರುವುದು ಅಲ್ಲಿಯೇ.

ಹಾಂಗ್‌ಕಾಂಗಿನವರ ಮನೆಮಾತಾದ ಕ್ಯಾಂಟೊನೀಸ್ ಭಾಷೆಯಲ್ಲಿ ಇಂಥದೊಂದು ಮಾತಿದೆ: ‘ಸೇ ಬೋ’. ಕನ್ನಡದ ಕಿವಿಗೆ ಹಣ್ಣಿನಂಗಡಿಯ ನೆನಪು ತರುವ ಈ ಎರಡಕ್ಷರದಲ್ಲಿ ‘ಸೇ’ ಎಂದರೆ ಗುರಿಯಿಟ್ಟು ಬಿಡು, ಹೊಡೆ. ‘ಬೋ’ ಎಂದರೆ ಚೆಂಡು. ಫುಟ್‌ಬಾಲ್ ಮೈದಾನದಲ್ಲಿ ಇದರ ಅರ್ಥ ಕೂಸಿಗೂ ತಿಳಿಯುವಂಥದು: ಗೋಲಿನತ್ತ ಚೆಂಡನ್ನು ಹೊಡೆಯುವುದು. ಅದೇ ಮಾತು ಕಚೇರಿಯ ಬಾಗಿಲು ದಾಟಿತೆಂದರೆ ಬೇರೆಯಾಗಿಬಿಡುತ್ತದೆ. ಅಲ್ಲಿ ‘ಸೇ ಬೋ’ ಎಂದರೆ ಮೈಗೆ ಏನೂ ಆಗಿಲ್ಲದಿದ್ದರೂ ಕಾಯಿಲೆಯೆಂದು ಹೇಳಿ ರಜೆ ಹಾಕುವುದು. ಶನಿವಾರ ಸಂಜೆ ಮೈದಾನದ ಅಂಚಿನಲ್ಲಿ ನಿಂತು ‘ಸೇ ಬೋ!’ ಎಂದು ಕೂಗಿದವನು ಗೆಳೆಯನನ್ನು ಹುರಿದುಂಬಿಸುತ್ತಿದ್ದಾನೆ. ಭಾನುವಾರ ರಾತ್ರಿ ಅದೇ ಮಾತನ್ನು ಪಿಸುಗುಟ್ಟಿದರೆ ನಾಳೆ ಕೆಲಸಕ್ಕೆ ಬರುವುದಿಲ್ಲವೆಂದು ಅರ್ಥ.

ಒಂದು ಕಡೆ ಪ್ರಯತ್ನದ ಶಿಖರ. ಇನ್ನೊಂದು ಕಡೆ ಪ್ರಯತ್ನದಿಂದ ತಪ್ಪಿಸಿಕೊಳ್ಳುವ ಉಪಾಯ. ಈ ಎರಡು ಒಂದೇ ಮಾತಿನಲ್ಲಿ ಹೇಗೆ ಸೇರಿದುವು? ಆಡುಮಾತಿಗೆ ಕಟ್ಟುಪಾಡಿಲ್ಲ, ಏನು ಬೇಕಾದರೂ ಆಗುತ್ತದೆ ಎಂದು ಕೈ ತೊಳೆದುಕೊಳ್ಳಬಹುದು. ಆದರೆ ಆಡುಮಾತಿಗೆ ಕಟ್ಟುಪಾಡಿಲ್ಲವೆನ್ನುವವರು ಅದನ್ನು ಕಿವಿಗೊಟ್ಟು ಕೇಳಿದವರಲ್ಲ.

ಮೊದಲು ಎರಡು ಪದಗಳ ಕುಲವನ್ನು ನೋಡೋಣ. ‘ಸೇ’ ದೊಡ್ಡ ಮನೆತನದ ಪದ. ಅದು ಬಿಲ್ವಿದ್ಯೆಯ ಪದ. ಪ್ರಾಚೀನ ಚೀನದಲ್ಲಿ ಕುಲೀನನಾದವನು ಕಲಿಯಬೇಕಾದ ಆರು ವಿದ್ಯೆಗಳಲ್ಲಿ ಆಚಾರ, ಸಂಗೀತ, ರಥಚಾಲನೆ, ಬರವಣಿಗೆ, ಗಣಿತಗಳ ಜೊತೆಗೆ ಬಿಲ್ವಿದ್ಯೆಯೂ ಒಂದು. ಅದರ ಹೆಸರು ಇದೇ ಅಕ್ಷರ. ಬಹು ಹಿಂದಿನ ಬರಹಗಳಲ್ಲಿ ಆ ಅಕ್ಷರ ಬಿಲ್ಲಿಗೆ ಹೂಡಿದ ಬಾಣದ ಚಿತ್ರವೇ ಆಗಿತ್ತು. ಬರೆಯುವವರ ಕೈಯಲ್ಲಿ ಸವೆದು ಸವೆದು, ಬಿಲ್ಲಿನ ಚಿತ್ರ ‘ಮೈ’ ಎಂಬ ಅಕ್ಷರದ ರೂಪ ತಾಳಿತು. ಇದು ಲಿಪಿಯ ಆಕಸ್ಮಿಕ. ಆದರೂ ಮೈಯನ್ನೇ ನೆಪ ಮಾಡಿ ರಜೆ ಹಾಕುವ ಮಾತಿನಲ್ಲಿ ಮೈಯ ಅಕ್ಷರ ಅಡಗಿ ಕುಳಿತಿರುವುದು ನೋಡಲು ಚೆನ್ನಾಗಿದೆ.

‘ಬೋ’ ಹಾಗಲ್ಲ; ಅದು ನಿನ್ನೆ ಮೊನ್ನೆ ಹಡಗಿನಿಂದ ಇಳಿದ ಪದ. ಇಂಗ್ಲಿಷಿನ ‘ಬಾಲ್’ ಕ್ಯಾಂಟೊನೀಸ್ ನಾಲಗೆಯ ಮೇಲೆ ಬಾಲ ಕಳೆದುಕೊಂಡು ‘ಬೋ’ ಆಯಿತು. ಬರೆಯುವುದಕ್ಕೆ ಅಕ್ಷರ ಬೇಕಲ್ಲ, ‘ಅಲೆ’ ಎಂಬ ಅರ್ಥದ ಹಳೆಯ ಅಕ್ಷರವೊಂದನ್ನು ಅದರ ಧ್ವನಿಗಾಗಿ ಎರವಲು ತಂದರು. ಚೆಂಡಿಗೆ ಚೀನೀಯರಲ್ಲಿ ತಮ್ಮದೇ ಪದ ಇಲ್ಲದಿರಲಿಲ್ಲ. ಆದರೆ ಆಟದ ಮೈದಾನದಲ್ಲಿ ಗೆದ್ದದ್ದು ‘ಬೋ’. ಆಟದ ಬೂಟು ‘ಬೋ ಹಾಯ್’, ಫುಟ್‌ಬಾಲ್ ಆಡುವುದು ‘ಥೆಕ್ ಬೋ’. ತಮಾಷೆಯೆಂದರೆ ‘ಬಾಸ್’ ಎಂಬ ಇಂಗ್ಲಿಷ್ ಪದವನ್ನು ಕ್ಯಾಂಟೊನೀಸಿನಲ್ಲಿ ‘ಬೋ ಸೀ’ ಎಂದು ಬರೆಯುವಾಗಲೂ ಬರುವುದು ಇದೇ ಅಲೆಯ ಅಕ್ಷರ. ಚೆಂಡಿಗೂ ಯಜಮಾನನಿಗೂ ಒಂದೇ ಅಕ್ಷರ ಸಾಕಾಯಿತು.

ಹೀಗೆ ಋಷಿಮೂಲದ ಕ್ರಿಯಾಪದವೊಂದು ಬಂದರಿನ ನಾಮಪದವೊಂದನ್ನು ಮದುವೆಯಾಗಿ ‘ಸೇ ಬೋ’ ಹುಟ್ಟಿದೆ. ಈ ಕ್ರಿಯಾಪದದ ಆಯ್ಕೆಯಲ್ಲಿಯೇ ನಮ್ಮ ಪ್ರಶ್ನೆಗೆ ಅರ್ಧ ಉತ್ತರವಿದೆ. ಕ್ಯಾಂಟೊನೀಸಿನಲ್ಲಿ ‘ದಾ’ ಎಂಬ ಇನ್ನೊಂದು ಕ್ರಿಯಾಪದ ಉಂಟು. ಅದರ ಅರ್ಥ ನೇರವಾಗಿ ‘ಹೊಡೆ’. ನಮ್ಮ ‘ಹೊಡೆ’ಯಂತೆಯೇ ಅದು ಊರೆಲ್ಲ ಸುತ್ತುತ್ತದೆ. ‘ದಾ ಬೋ’ ಎಂದರೆ ಚೆಂಡಾಟ ಆಡುವುದು, ‘ದಾ ಫುಂಗ್’ ಎಂದರೆ ಚಂಡಮಾರುತ ಬೀಸುವುದು, ‘ದಾ ಗುಂಗ್’ ಎಂದರೆ ಕೂಲಿಗೋ ಸಂಬಳಕ್ಕೋ ದುಡಿಯುವುದು. ಕನ್ನಡಿಗರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ನಾವು ಹರಟೆ ಹೊಡೆಯುತ್ತೇವೆ, ನಿದ್ದೆ ಹೊಡೆಯುತ್ತೇವೆ, ಗೋಲು ಹೊಡೆಯುತ್ತೇವೆ, ಕಡೆಗೆ ಕೆಲಸಕ್ಕೆ ಚಕ್ಕರ್ ಹೊಡೆಯುತ್ತೇವೆ. ಇಷ್ಟೆಲ್ಲ ಹೊಡೆದು ಹೊಡೆದು ಕ್ರಿಯಾಪದದ ಮೊನೆ ಮೊಂಡಾಗಿದೆ. ಗೋಲಿನ ‘ಹೊಡೆ’ಯನ್ನು ಕೇಳಿದಾಗ ಚಕ್ಕರಿನ ‘ಹೊಡೆ’ ನಮಗೆ ನೆನಪಾಗುವುದಿಲ್ಲ.

‘ಸೇ’ ಅಷ್ಟು ಸವೆದಿಲ್ಲ. ಅದರಲ್ಲಿ ಗುರಿಯೆಂಬ ಭಾವನೆ ಇನ್ನೂ ಜೀವಂತವಾಗಿದೆ. ನಮ್ಮ ಅಲಂಕಾರಿಕರು ಲಕ್ಷಣೆಯಲ್ಲಿ ಎರಡು ಬಗೆ ಹೇಳಿದ್ದಾರೆ: ರೂಢಿಯಿಂದ ಬಂದದ್ದು ಒಂದು, ಪ್ರಯೋಜನವನ್ನು ಉದ್ದೇಶಿಸಿ ಬಂದದ್ದು ಇನ್ನೊಂದು. ನಮ್ಮ ‘ಚಕ್ಕರ್ ಹೊಡೆ’ಯಲ್ಲಿರುವ ‘ಹೊಡೆ’ ರೂಢಿಯ ಪ್ರಯೋಗ. ‘ಸೇ ಬೋ’ ಪ್ರಯೋಜನದ್ದು. ಕೆಲಸದಿಂದ ತಪ್ಪಿಸಿಕೊಂಡವನನ್ನು ಬಿಲ್ಲುಗಾರನನ್ನಾಗಿ, ಗೋಲು ಹೊಡೆಯುವವನನ್ನಾಗಿ ಕಾಣಿಸಬೇಕೆಂಬ ಉದ್ದೇಶ ಅದರ ಹಿಂದಿದೆ. ಆಟಗಾರನ ಮುಂದೆ ಗೋಲ್‌ಕೀಪರ್ ಇದ್ದಾನೆ, ನೌಕರನ ಮುಂದೆ ಯಜಮಾನ. ಇಬ್ಬರ ಕಣ್ಣನ್ನೂ ತಪ್ಪಿಸಬೇಕು. ಆಟದಲ್ಲಿ ಗೋಲನ್ನು ಎತ್ತಿ ಹಿಡಿಯುವುದು ರೆಫರಿಯ ಸೀಟಿ. ಕಚೇರಿಯಲ್ಲಿ ಆ ಸೀಟಿಯ ಸ್ಥಾನದಲ್ಲಿರುವುದು ಅಲ್ಲಿಯವರು ‘ಯೀ ಸಂಗ್ ಜೀ’ ಎಂದು ಕರೆಯುವ ಚೀಟಿ. ಶಬ್ದಶಃ ಹೇಳುವುದಾದರೆ ‘ವೈದ್ಯರ ಕಾಗದ’. ಆ ಕಾಗದ ಕೈಗೆ ಬಂತೆಂದರೆ ಚೆಂಡು ಬಲೆಯೊಳಗೆ. ಇದು ನಾನು ಮಾಡುವ ಅನ್ವಯ. ಮಾತಾಡುವವರು ಇಷ್ಟು ಲೆಕ್ಕ ಹಾಕಿ ಮಾತಾಡುವುದಿಲ್ಲ. ಆದರೆ ಮಾತು ಕೇಳಿದಾಗ ನಗು ಬರುವುದು ಈ ಹೋಲಿಕೆ ಮನಸ್ಸಿನ ಹಿಂಬದಿಯಲ್ಲಿ ಮಿಂಚಿ ಮರೆಯಾಗುವುದರಿಂದಲೇ.

ಇದರ ನೆರೆಹೊರೆಯ ಮಾತುಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಇದರ ಸ್ವಭಾವ ಇನ್ನೂ ಸ್ಪಷ್ಟವಾಗುತ್ತದೆ. ಕ್ಯಾಂಟೊನೀಸ್ ಸ್ವರಭೇದದ ಭಾಷೆ. ಒಂದೇ ಉಚ್ಚಾರವನ್ನು ಏರಿಸಿ, ಇಳಿಸಿ, ಸಮವಾಗಿ ಹೇಳಿದರೆ ಬೇರೆ ಬೇರೆ ಪದಗಳಾಗುತ್ತವೆ. ‘ಸೇ’ ಎಂಬುದನ್ನು ಇಳಿಸಿ ಹೇಳಿದರೆ ಹಾವು. ‘ಸೇ ವಾಂಗ್’ ಎಂದರೆ ‘ಹಾವಿನ ರಾಜ’, ಎಂದರೆ ಕೆಲಸದ ವೇಳೆಯಲ್ಲಿ ಸುಮ್ಮನೆ ಸುರುಳಿ ಸುತ್ತಿ ಬಿದ್ದಿರುವ ಸೋಮಾರಿ. ಅದೇ ‘ಸೇ’ಯನ್ನು ನಡುಸ್ಥಾಯಿಯಲ್ಲಿ ಹೇಳಿದರೆ ‘ಇಳಿಸು’. ‘ಸೇ ಬಾಕ್’ ಎಂದರೆ ಹೆಗಲಿನಿಂದ ಇಳಿಸುವುದು, ಹೊಣೆಯನ್ನು ಜಾರಿಸಿಬಿಡುವುದು. ಕೆಲಸಗಳ್ಳತನಕ್ಕೆ ಸಂಬಂಧಪಟ್ಟ ಮೂರು ಮಾತುಗಳು ಒಂದೇ ಉಚ್ಚಾರದ ಮೂರು ಸ್ವರಗಳಲ್ಲಿ ಕೂಡಿರುವುದು ಕಿವಿಗೆ ಒಂದು ಸಣ್ಣ ರಾಗಮಾಲಿಕೆ.

ಹಾವಿನ ರಾಜನಿಗೂ ಎರಡು ಮುಖಗಳುಂಟು. ಹಾಂಗ್‌ಕಾಂಗಿನಲ್ಲಿ ಹಾವಿನ ಸಾರು ಮಾರುವ ಹಳೆಯ ಅಂಗಡಿಗಳ ಹಲಗೆಯ ಮೇಲೆ ‘ಸೇ ವಾಂಗ್’ ಎಂದು ಬರೆದಿದ್ದರೆ ಅದು ಬಿರುದು; ಹಾವು ಹಿಡಿಯುವುದರಲ್ಲಿ, ಪಳಗಿಸುವುದರಲ್ಲಿ ನಿಪುಣನೆಂದು ಅರ್ಥ. ಕಚೇರಿಯಲ್ಲಿ ಅದು ಬೈಗುಳ. ಎಲ್ಲಿ ಆಡಿದರು ಎಂಬುದಷ್ಟೇ ಅಲ್ಲ, ಯಾರು ಆಡಿದರು, ಯಾರನ್ನು ಕುರಿತು ಆಡಿದರು ಎಂಬುದನ್ನೂ ಕೇಳಿದ ಹೊರತು ಇಂಥ ಮಾತುಗಳ ಅರ್ಥ ಪೂರ್ತಿಯಾಗುವುದಿಲ್ಲ.

ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದು. ‘ಹಾವಿನ ರಾಜ’ ಹೆಚ್ಚಾಗಿ ಮೇಲಿನಿಂದ ಕೆಳಗೆ ಬೀಳುವ ಮಾತು. ನಮ್ಮ ‘ಮೈಗಳ್ಳ’ನೂ ಅಂಥದೇ. ಎಷ್ಟು ಬಿಗಿಯಾದ ಪದ ಅದು! ತನ್ನ ಮೈಯನ್ನು ತಾನೇ ಕದ್ದವನು ಮೈಗಳ್ಳ. ಆದರೆ ತನ್ನದನ್ನೇ ತಾನು ಕದಿಯುವುದು ಹೇಗೆ? ಆ ಮೈ ಬೇರೊಬ್ಬರ ಸೊತ್ತು ಎಂದು ಮೊದಲು ಒಪ್ಪಿಕೊಂಡಿದ್ದರೆ ಮಾತ್ರ ಕಳ್ಳತನದ ಆರೋಪ ನಿಲ್ಲುತ್ತದೆ. ಪದವನ್ನು ಟಂಕಿಸಿದ ನಾಲಗೆ ಗದ್ದೆಯ ಒಡೆಯನದೇ ಹೊರತು ಆಳಿನದಲ್ಲ. ‘ಸೇ ಬೋ’ ಆಳಿನ ನಾಲಗೆಯದು. ಅದೇ ಕೃತ್ಯ, ಅದೇ ಸೋಮವಾರ, ಅದೇ ಖಾಲಿ ಕುರ್ಚಿ. ಒಡೆಯ ನೋಡಿದರೆ ಕಳ್ಳತನ, ಆಳು ನೋಡಿದರೆ ಗೋಲು. ಆಟದ ಅರ್ಥ, ಕೆಲಸದ ಅರ್ಥ ಎಂದು ನಿಘಂಟು ಎಳೆಯುವ ಗೆರೆಗಿಂತ ಈ ಗೆರೆ ಹೆಚ್ಚು ಆಳವಾದುದು.

ಇದೇ ನಾಲಗೆಯ ಇನ್ನೊಂದು ಪ್ರಯೋಗವನ್ನು ನೋಡಿ. ಕೆಲಸದಿಂದ ತೆಗೆದುಹಾಕುವುದಕ್ಕೆ ಕ್ಯಾಂಟೊನೀಸಿನಲ್ಲಿ ‘ಛಾವ್ ಯೌ ಯೂ’ ಎನ್ನುತ್ತಾರೆ. ಶಬ್ದಾರ್ಥ ‘ಸ್ಕ್ವಿಡ್ ಹುರಿಯುವುದು’. ಆ ಕಡಲಜೀವಿಯ ತುಂಡು ಕಾದ ಬಾಣಲೆಗೆ ಬಿದ್ದೊಡನೆ ಚಾಪೆಯಂತೆ ಸುರುಳಿಯಾಗುತ್ತದೆ. ಹಿಂದಿನ ಕಾಲದಲ್ಲಿ ಯಜಮಾನನ ಅಂಗಡಿಯಲ್ಲೇ ಮಲಗಿ ಏಳುತ್ತಿದ್ದ ಕೆಲಸಗಾರನನ್ನು ಹೊರಗೆ ಹಾಕಿದರೆ ಅವನು ಹಾಸಿಗೆ ಸುತ್ತಿಕೊಂಡು ಹೊರಡಬೇಕಾಗಿತ್ತು. ಅದರಿಂದ ಈ ಮಾತು ಎಂದು ವಿವರಿಸುತ್ತಾರೆ. ಮುಂದೆ ಕೆಲಸಗಾರರು ಇದನ್ನು ತಲೆಕೆಳಗು ಮಾಡಿದರು. ತಾನಾಗಿ ರಾಜೀನಾಮೆ ಕೊಟ್ಟವನು ‘ಯಜಮಾನನ ಸ್ಕ್ವಿಡ್ ಹುರಿದೆ’ ಎನ್ನುತ್ತಾನೆ. ಬಾಣಲೆಯ ಹಿಡಿ ಕೈ ಬದಲಾಯಿಸಿತು. ವಾಸ್ತವದಲ್ಲಿ ಯಜಮಾನನಿಗೆ ಆದ ನಷ್ಟ ಅಷ್ಟೇನೂ ಇಲ್ಲದಿರಬಹುದು. ಮಾತಿನಲ್ಲಾದರೂ ಒಂದು ಜಯ ಸಿಕ್ಕಿತು.

ಇಂಥ ಮಾತುಗಳು ಬಹುಕಾಲ ಬರವಣಿಗೆಯ ಪಂಕ್ತಿಗೆ ಹೊರಗಿನವು. ಹಾಂಗ್‌ಕಾಂಗಿನವರು ಆಡುವುದು ಕ್ಯಾಂಟೊನೀಸ್, ಬರೆಯುವುದು ಶಿಷ್ಟ ಚೀನೀ. ಶಾಲೆಯ ಪ್ರಬಂಧದಲ್ಲಿ ಆಡುಮಾತು ಬಂದರೆ ತಪ್ಪು. ಅದಕ್ಕೆ ಪಂಕ್ತಿಯಲ್ಲಿ ಎಲೆ ಹಾಕಿದ ಕೀರ್ತಿಯಲ್ಲಿ ದಿನಪತ್ರಿಕೆಗಳಿಗೆ ದೊಡ್ಡ ಪಾಲು ಸಲ್ಲಬೇಕು. ಸಾಮ್ ಸೋ ಎಂಬ ಹೆಸರಿನಿಂದ ಪ್ರಸಿದ್ಧರಾದ ಲೇಖಕರು ೧೯೪೭ರಲ್ಲಿ ಒಂದು ಸಂಜೆ ಪತ್ರಿಕೆಯಲ್ಲಿ ದಳ್ಳಾಳಿಯೊಬ್ಬನ ದಿನಚರಿಯನ್ನು ಧಾರಾವಾಹಿಯಾಗಿ ಬರೆಯಲು ತೊಡಗಿದರು. ಹಳೆಯ ಗ್ರಂಥಭಾಷೆ, ಹೊಸ ಶಿಷ್ಟಭಾಷೆ, ಬೀದಿಯ ಕ್ಯಾಂಟೊನೀಸ್ ಮೂರನ್ನೂ ಕಲಸಿದ ಶೈಲಿ ಅದು. ಮುಂದೆ ೧೯೭೬ರಲ್ಲಿ ಮೈಕೆಲ್ ಹುಯಿ ನಿರ್ದೇಶಿಸಿದ ‘ಅರ್ಧ ಕ್ಯಾಟಿ, ಎಂಟು ಟೇಲ್’ ಎಂಬ ಅರ್ಥದ ಹೆಸರಿನ ಹಾಸ್ಯಚಿತ್ರದಲ್ಲಿ ಅವರ ತಮ್ಮ ಸ್ಯಾಮ್ ಹುಯಿ ಸಂಬಳಗಾರನ ಗೋಳನ್ನು ಅಪ್ಪಟ ಆಡುಮಾತಿನಲ್ಲಿ ಹಾಡಿದರು. ಜಿಪುಣ ಯಜಮಾನ, ಸಂಬಳಕ್ಕೆ ಕಾಯುವ ಸಹಾಯಕ: ಕಥೆಯ ಎರಡು ಧ್ರುವಗಳು ಇವೇ. ನೌಕರನ ನಗು ಅಲ್ಲಿ ಸಾಹಿತ್ಯಕ್ಕೆ ವಸ್ತುವಾಯಿತು. ಅವನ ಮಾತು ಸಾಹಿತ್ಯದ ಭಾಷೆಯಾಯಿತು.

ಇನ್ನು ಮೈದಾನದ ಕಡೆ. ಅಲ್ಲಿ ಚೆಂಡು ಹೊಡೆಯುವವನಿಗೆ ಇದ್ದ ಗೌರವವನ್ನು ತಿಳಿಯದೆ ಕಚೇರಿಯ ತಮಾಷೆಯ ರುಚಿ ಹತ್ತುವುದಿಲ್ಲ. ಹಾಂಗ್‌ಕಾಂಗಿನಲ್ಲಿ ೧೯೦೫ರಲ್ಲಿ ಹುಟ್ಟಿದ ಲೀ ವಾಯ್ ತಾಂಗ್ ಅವರನ್ನು ಜನ ‘ಚೆಂಡಿನ ರಾಜ’ ಎಂದರು. ನಾಟಕ ನೋಡಬೇಕಾದರೆ ಮೇ ಲಾನ್‌ಫಾಂಗ್ ಅವರದನ್ನು, ಫುಟ್‌ಬಾಲ್ ನೋಡಬೇಕಾದರೆ ಲೀ ಅವರದನ್ನು ನೋಡಬೇಕೆಂದು ಗಾದೆಯೇ ಹುಟ್ಟಿತ್ತು. ೧೯೩೬ರ ಬರ್ಲಿನ್ ಒಲಿಂಪಿಕ್ಸಿಗೆ ಅವರ ನಾಯಕತ್ವದಲ್ಲಿ ಹೊರಟ ಚೀನದ ತಂಡಕ್ಕೆ ದಾರಿಖರ್ಚಿಗೆ ಹಣವಿರಲಿಲ್ಲ. ಆಗ್ನೇಯ ಏಷ್ಯದಲ್ಲಿ, ನಮ್ಮ ಭಾರತದಲ್ಲಿಯೂ, ಪಂದ್ಯಗಳನ್ನಾಡಿ ಹಣ ಕೂಡಿಸಿಕೊಂಡು ಅವರು ಬರ್ಲಿನ್ ಸೇರಿದರು. ಅಲ್ಲಿ ಬ್ರಿಟನ್ನಿನೆದುರು ಎರಡು ಗೋಲುಗಳಿಂದ ಸೋತರು. ಹೊಟ್ಟೆಪಾಡಿನ ಕೆಲಸ ಒಂದು ಕಡೆ, ಮಾನದ ಆಟ ಇನ್ನೊಂದು ಕಡೆ ಎಂದು ಇದ್ದ ಕಾಲ ಅದು. ೧೯೬೮ರಲ್ಲಿ ಹಾಂಗ್‌ಕಾಂಗಿನ ಫುಟ್‌ಬಾಲ್ ವೃತ್ತಿಯಾಟವಾಯಿತು. ಸಂಬಳ ಪಡೆದು ಚೆಂಡು ಹೊಡೆಯುವವರು ಬಂದರು. ಅಂದಿನಿಂದ ಈ ಮಾತಿಗೆ ಮೂರನೆಯದೊಂದು ಅಡ್ಡಬೆಳಕು ಬಿದ್ದಿದೆ. ಚೆಂಡು ಹೊಡೆಯುವುದೇ ಕೆಲಸವಾದವನು ಒಂದು ದಿನ ಕಾಲುನೋವೆಂದು ಸುಳ್ಳು ಹೇಳಿ ಮನೆಯಲ್ಲಿ ಕುಳಿತರೆ, ಅವನು ಚೆಂಡು ಹೊಡೆಯದೆಯೇ ಚೆಂಡು ಹೊಡೆದ ಹಾಗಾಯಿತು!

ಅದೇ ೧೯೬೮ರಲ್ಲಿಯೇ ಹಾಂಗ್‌ಕಾಂಗಿನ ಉದ್ಯೋಗ ಕಾನೂನು ಬಂದಿತು. ಆ ಕಾನೂನಿನ ಈಗಿನ ರೂಪದಲ್ಲಿ ಕಾಯಿಲೆಯ ರಜೆಯ ವಿಷಯ ಹೀಗಿದೆ: ನಿರಂತರ ಒಪ್ಪಂದದಲ್ಲಿರುವ ನೌಕರನಿಗೆ ಮೊದಲ ವರ್ಷ ತಿಂಗಳಿಗೆ ೨ ದಿನ, ಆಮೇಲೆ ತಿಂಗಳಿಗೆ ೪ ದಿನದ ಲೆಕ್ಕದಲ್ಲಿ ಸಂಬಳಸಹಿತ ರಜೆ ಜಮೆಯಾಗುತ್ತದೆ, ಒಟ್ಟು ಮಿತಿ ೧೨೦ ದಿನ. ಭತ್ಯೆ ದಿನದ ಸರಾಸರಿ ಕೂಲಿಯ ಐದರಲ್ಲಿ ನಾಲ್ಕು ಪಾಲು. ಆದರೆ ಸಾಮಾನ್ಯವಾಗಿ ರಜೆ ಒಂದೇ ಸಮನೆ ೪ ದಿನಕ್ಕಿಂತ ಕಡಮೆಯಾದರೆ ಕಾನೂನಿನ ಪ್ರಕಾರ ಭತ್ಯೆಯಿಲ್ಲ. ಉದಾರಿಯಾದ ಯಜಮಾನ ಒಂದು ದಿನದ ಜ್ವರಕ್ಕೂ ಕೊಟ್ಟಾನು, ಕೊಡಲೇಬೇಕೆಂದಿಲ್ಲ.

ಈ ನಾಲ್ಕು ದಿನದ ಗೆರೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ನಮ್ಮ ನಗು ಸ್ವಲ್ಪ ಮಂದವಾಗುತ್ತದೆ. ಒಂದು ದಿನ ಸುಳ್ಳುಕಾಯಿಲೆ ಹೇಳಿ ಸಂಬಳವನ್ನೂ ಉಳಿಸಿಕೊಳ್ಳಬಲ್ಲವನು ಒಳ್ಳೆಯ ಕಚೇರಿಯಲ್ಲಿ ಭದ್ರವಾಗಿ ಕುಳಿತವನು. ಪಾತ್ರೆ ತೊಳೆಯುವವಳಿಗೆ, ದಿನಗೂಲಿಯವನಿಗೆ ನಿಜವಾದ ಜ್ವರ ಬಂದರೂ ಒಂದು ದಿನದ ಕೂಲಿ ಹೋಯಿತೆಂಬುದೇ ಮೊದಲ ಯೋಚನೆ. ಹೊಡೆಯುವುದಕ್ಕೆ ಅವರ ಕಾಲ ಬಳಿ ಚೆಂಡೇ ಇಲ್ಲ. ಆಳಿನ ಮಾತೆಂದು ನಾನು ಹೊಗಳಿದ ಈ ಮಾತು ಎಲ್ಲ ಆಳುಗಳ ಮಾತಲ್ಲ.

ಹಾಂಗ್‌ಕಾಂಗಿನಲ್ಲಿ ರಜೆ ತರುವ ಇನ್ನೊಂದು ‘ಬೋ’ ಉಂಟು. ಅದು ಯಾರೂ ಹೊಡೆಯದ ಚೆಂಡು, ಆಕಾಶದ ಚೆಂಡು. ೧೮೮೪ರಿಂದ ಅಲ್ಲಿಯ ಹವಾಮಾನ ವೀಕ್ಷಣಾಲಯ ಚಂಡಮಾರುತದ ಎಚ್ಚರಿಕೆಗಾಗಿ ಪೀಪಾಯಿ, ಚೆಂಡು, ಶಂಕುಗಳ ಆಕೃತಿಗಳನ್ನು ಕಂಬಕ್ಕೇರಿಸುತ್ತಿತ್ತು. ೨೦೦೨ರ ಆರಂಭದಲ್ಲಿ ಕೊನೆಯ ಕಂಬಕ್ಕೂ ನಿವೃತ್ತಿಯಾಯಿತು. ಆದರೆ ಜನರ ಬಾಯಲ್ಲಿ ಸಂಕೇತ ಇಂದಿಗೂ ‘ಬೋ’. ಎಂಟನೆಯದು ಏರಿತೆಂದರೆ ಕಚೇರಿ, ಶಾಲೆ, ಅಂಗಡಿಗಳು ಮುಚ್ಚುವುದು ವಾಡಿಕೆ. ೨೦೧೮ರ ಸೆಪ್ಟೆಂಬರ್ ೧೬, ಭಾನುವಾರ, ಮಾಂಗ್‌ಖುಟ್ ಚಂಡಮಾರುತ ಬಂದಾಗ ಹತ್ತನೆಯ ಸಂಕೇತವೇ ಏರಿತ್ತು. ಮರುದಿನ ಬೆಳಗಾಗುವುದರೊಳಗೆ ಎಂಟನೆಯದು ಇಳಿಯಿತು. ಮರಗಳು ಬಿದ್ದು ರಸ್ತೆಗಳು ಮುಚ್ಚಿದ್ದುವು, ಬಸ್ಸುಗಳಿಲ್ಲ. ಶಾಲೆಗಳಿಗೆ ರಜೆ ಸಾರಿದರು, ದುಡಿಯುವವರಿಗೆ ಸಾರಲಿಲ್ಲ. ತಾಯ್ ವಾಯ್ ರೈಲು ನಿಲ್ದಾಣದಲ್ಲಿ ಸಾವಿರಾರು ಜನ ಒಬ್ಬರಿಗೊಬ್ಬರು ಒತ್ತಿಕೊಂಡು ಕೆಲಸಕ್ಕೆ ಹೋಗಲು ನಿಂತರು. ಇಂಥ ಬೆಳಗಿನಲ್ಲಿ ಯಾರಾದರೂ ‘ಸೇ ಬೋ’ ಎಂದು ಮನೆಯಲ್ಲಿ ಉಳಿದಿದ್ದರೆ, ಅವರನ್ನು ಮೈಗಳ್ಳರೆನ್ನಲು ನನಗಂತೂ ನಾಲಗೆ ಬಾರದು.

ಹಾಗೆಂದು ಈ ಮಾತಿಗೆ ಪೂರ್ತಿ ಅಂಕ ಕೊಡಲಾರೆ. ಅದರ ದೋಷ ಅದರ ಸೊಗಸಿನಲ್ಲಿಯೇ ಇದೆ. ಮಾತು ಇಷ್ಟು ಚುರುಕಾಗಿ, ಎಲ್ಲರ ಬಾಯಲ್ಲೂ ಇರುವಾಗ, ನಿಜವಾಗಿ ಹಾಸಿಗೆ ಹಿಡಿದವನ ಖಾಲಿ ಕುರ್ಚಿಯನ್ನು ನೋಡಿಯೂ ಪಕ್ಕದವನು ಕಣ್ಣು ಮಿಟುಕಿಸಿ ‘ಸೇ ಬೋ’ ಎಂದಾನು. ಯಜಮಾನನ ಅನುಮಾನಕ್ಕೆ ನೌಕರನೇ ಪದ ಒದಗಿಸಿದಂತಾಯಿತು. ತನ್ನ ಬಗ್ಗೆ ತಾನೇ ಹೇಳಿಕೊಂಡಾಗ ವಿನೋದವಾದುದು ಇನ್ನೊಬ್ಬನ ಬಗ್ಗೆ ಹೇಳಿದಾಗ ಚಾಡಿಯಾಗುತ್ತದೆ. ಮೇಲಿನವರನ್ನು ನೋಡಿ ನಗುವುದಕ್ಕೆ ಹುಟ್ಟಿದ ಮಾತು ಪಕ್ಕದವನ ಮೇಲೆ ತಿರುಗಿದರೆ, ಚೆಂಡು ತಮ್ಮದೇ ಗೋಲಿಗೆ ಬಿದ್ದ ಹಾಗೆ.

ಇದನ್ನು ಕನ್ನಡಿಸುವುದು ಹೇಗೆ? ‘ಚಕ್ಕರ್ ಹೊಡೆದ’ ಎಂದರೆ ಸಂಗತಿ ಬರುತ್ತದೆ, ಆಟ ಹೋಗುತ್ತದೆ. ‘ಗೋಲು ಹೊಡೆದ’ ಎಂದರೆ ಆಟ ಬರುತ್ತದೆ, ಸಂಗತಿ ಹೋಗುತ್ತದೆ. ‘ಮೈಗಳ್ಳತನ ಮಾಡಿದ’ ಎಂದರೆ ಎಲ್ಲಕ್ಕಿಂತ ದೊಡ್ಡ ಅಪಚಾರ. ನೌಕರನ ಮಾತನ್ನು ಯಜಮಾನನ ಬಾಯಿಗೆ ಹಾಕಿದ ಹಾಗಾಗುತ್ತದೆ. ನಾನಾದರೆ ಮೊದಲನೆಯದನ್ನೇ ಆರಿಸುತ್ತೇನೆ. ಶ್ಲೇಷ ಕಳೆದುಹೋದರೂ ಚಿಂತೆಯಿಲ್ಲ; ಮಾತು ಯಾರದು ಎಂಬುದಾದರೂ ಉಳಿಯಬೇಕು. ಅರ್ಥಗಳ ಪಕ್ಕದಲ್ಲಿ ಒಂದು, ಎರಡು ಎಂದು ಸಂಖ್ಯೆ ಹಾಕುವ ನಿಘಂಟುಕಾರರು ಆ ಸಂಖ್ಯೆಯ ಜೊತೆಗೆ ‘ಆಡುವವರು ಯಾರು’ ಎಂದು ಒಂದು ಸಣ್ಣ ಟಿಪ್ಪಣಿ ಸೇರಿಸಿದರೆ ಎಷ್ಟು ಚೆನ್ನ!